ಕಣಗಿಲೆಯ ಗುರುತು

ಸಗಣಿಗೆ ಬಾಯಿ ಬಂದ ಮೇಲೆ ಹೊಂಗೆಕೊಪ್ಪಲಿನಲ್ಲಿ ಸುಳ್ಳು ಹೇಳುವುದು ಕಷ್ಟವಾಯಿತು. ಅದಕ್ಕೆ ಮುಂಚೆ ಅಂಥ ಕಷ್ಟವೇನೂ ಇರಲಿಲ್ಲ. ಕೆರೆ ಹಸಿರು ತಿರುಗಿ ಮೀನು ಹೊಟ್ಟೆ ಮೇಲಾಗಿ ತೇಲಿದ ದಿನ ಊರವರೆಲ್ಲ ಏರಿಯ ಮೇಲೆ ನಿಂತು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮೇಲಿನ ಕೇರಿಯವರು ಕೆಳಗಿನ ಕೇರಿಯ ತಿಪ್ಪೆಯನ್ನೂ ಕೆಳಗಿನವರು ಮೇಲಿನವರ ಗಂಜಲವನ್ನೂ ಬೈದು, ಬೈದು ಮುಗಿದ ಮೇಲೆ ಹಾಲು ಕರೆಯುವ ಹೊತ್ತಾಯಿತೆಂದು ಮನೆಗೆ ಹೋಗುತ್ತಿದ್ದರು. ಮನೆಮನೆಗೂ ಸೀಮೆಹಸು, ಊರಿಗೆಲ್ಲ ಒಂದು ಕೆರೆ. ಯಾರ ಕೊಟ್ಟಿಗೆಯದು ಎಂದು ಕೇಳಿದರೆ ನೀರು ತಾನೇ ಏನು ಹೇಳೀತು?

ಆಮೇಲೆ ನೀರು ಹೇಳತೊಡಗಿತು. ಮೈಸೂರಿನ ಒಂದು ಪ್ರಯೋಗಾಲಯದವರು ಹಸುವಿನ ಹೊಟ್ಟೆಯಲ್ಲಿ ತಣ್ಣಗೆ ಬದುಕಿಕೊಂಡಿರುವ ಒಂದು ಜೀವಾಣುವನ್ನು ಹಿಡಿದು, ಅದರ ವಂಶತಂತುವಿನಲ್ಲಿ ಒಂದು ಗುರುತು ಬರೆದರು. ಒಂದೊಂದು ಕೊಟ್ಟಿಗೆಗೆ ಒಂದೊಂದು ಗುರುತು. ಹಿಂಡಿಯ ಜೊತೆ ಒಂದು ಚಿಟಿಕೆ ಪುಡಿ ಕಲಸಿ ತಿನ್ನಿಸಿದರೆ ಮುಗಿಯಿತು, ಅದು ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ, ಸಗಣಿಯ ಜೊತೆ ಹೊರಬರುತ್ತದೆ, ಹೊರಗೆ ಬಿದ್ದ ಮೇಲೆ ಒಂದು ಪಕ್ಷ ಬದುಕಿದರೆ ಹೆಚ್ಚು. ಕೆರೆಯಲ್ಲಿ ಕುಂಬಳಕಾಯಿ ಗಾತ್ರದ ಯಂತ್ರಗಳನ್ನು ತೇಲಿಬಿಟ್ಟರು. ಕಾಗದದಲ್ಲಿ ಅವುಗಳಿಗೆ ಉದ್ದನೆಯ ಹೆಸರಿತ್ತು. ಊರವರು ಕೆರೆಗಣ್ಣು ಎಂದರು. ಕೆರೆಗಣ್ಣು ನೀರು ಕುಡಿದು ನೈಟ್ರೇಟ್ ಅಳೆಯುತ್ತದೆ, ಗೊತ್ತಾದ ಮಿತಿ ಮೀರಿದ್ದರೆ ಅದರಲ್ಲಿ ಯಾರ ಗುರುತಿದೆ ಎಂದು ಹೇಳುತ್ತದೆ. ನಂಬರು ಕೊಟ್ಟರೆ ಜನರಿಗೆ ಮರೆತುಹೋಗುತ್ತದೆಂದು ಗುರುತುಗಳಿಗೆ ಹೂವಿನ ಹೆಸರಿಟ್ಟಿದ್ದರು. ಸುಚಿತ್ರಮ್ಮನ ಕೊಟ್ಟಿಗೆಗೆ ತುಂಬೆ, ಪಕ್ಕದ ಭವ್ಯಮ್ಮನ ಕೊಟ್ಟಿಗೆಗೆ ಕಣಗಿಲೆ. ಕಣಗಿಲೆ ಎಲೆ ತಿಂದರೆ ದನ ಸಾಯುತ್ತದೆ ಎನ್ನುವುದು ಪ್ರಯೋಗಾಲಯದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದು ನಕ್ಕರೋ. ಆ ಬೋರ್ಡು ಬಾಗಿಲಿಗೆ ಹೊಡೆದ ದಿನ ಭವ್ಯಮ್ಮ ಅದರ ಮೇಲೆ ಅರಿಶಿನ ಕುಂಕುಮ ಇಟ್ಟು ದೃಷ್ಟಿ ತೆಗೆದಿದ್ದಳು.

ಒಂದು ಕಾಲಕ್ಕೆ ಭವ್ಯ, ಸುಚಿತ್ರ ಎಂದು ಮೆರೆದ ಹುಡುಗಿಯರೆಲ್ಲ ಈಗ ಹೆಸರಿಗೊಂದು ಅಮ್ಮ ಹಚ್ಚಿಕೊಂಡು ಮುದುಕಿಯರಾಗಿದ್ದರು. ಸುಚಿತ್ರಮ್ಮನ ಸೊಸೆ ಇಂಚರ ಹಾಲಿನ ಡೈರಿಯ ಮಹಡಿಯ ಮೇಲಿನ ಕಾವಲು ಕೋಣೆಯಲ್ಲಿ ನೀರಿನ ಅಧಿಕಾರಿ. ಊರು ಅವಳನ್ನು ಬೀಗದ ಮೇಡಂ ಎನ್ನುತ್ತಿತ್ತು. ಕೆರೆಗಣ್ಣು ಒಂದು ಕೊಟ್ಟಿಗೆಯ ಹೂವಿನ ಹೆಸರು ಹೇಳಿದರೆ ಅದು ಒಂದು ಕರೆ. ಮೊದಲ ಕರೆಗೆ ಎಚ್ಚರಿಕೆ, ಎರಡನೆಯ ಕರೆಗೆ ಡೈರಿಯಲ್ಲಿ ಹಾಲು ಬಂದ್, ಮೂರನೆಯ ಕರೆಗೆ ಕೊಟ್ಟಿಗೆಗೆ ಬೀಗ, ದನ ಸರ್ಕಾರಿ ದೊಡ್ಡಿಗೆ. ತಿಂಗಳ ಕೊನೆಗೆ ದೊಡ್ಡಿಯ ದನ ಬೇರೆ ಜಿಲ್ಲೆಗೆ ಹೋಗುತ್ತಿದ್ದವು, ಮತ್ತೆ ಬರುತ್ತಿರಲಿಲ್ಲ. ಇಂಚರ ಯಾರಿಗೂ ವಿನಾಯಿತಿ ಕೊಟ್ಟವಳಲ್ಲ. ಬೈದರೆ ಕೇಳಿಸಿಕೊಳ್ಳುತ್ತಿದ್ದಳು, ಕಾಲಿಗೆ ಬಿದ್ದರೆ ಎದ್ದೇಳುವವರೆಗೆ ನಿಂತಿರುತ್ತಿದ್ದಳು. ಕಲ್ಲು ಎಂದರು ಕೆಲವರು. ಕಲ್ಲು ಬಿಸಿಲಿಗಾದರೂ ಕಾಯುತ್ತದೆ.

ಎಂಟು ವರ್ಷದ ಹಿಂದೆ ಅವಳ ಮಗು ಚಿನ್ನಿ ತೀರಿಕೊಂಡಿತ್ತು. ಮಗುವಿಗೆ ಮೂರು ತಿಂಗಳು. ಮೊದಲು ತುಟಿ ನೀಲಿಯಾಯಿತು, ಆಮೇಲೆ ಉಗುರು. ಸಗಣಿ ಗಂಜಲದ ಸಾರ ನೆಲದೊಳಗಿಳಿದು ನೈಟ್ರೇಟ್ ಆಗಿ ಬಾವಿಗೆ ಸೇರುತ್ತದೆ. ದೊಡ್ಡವರು ಕುಡಿದರೆ ದಕ್ಕಿಸಿಕೊಳ್ಳುತ್ತಾರೆ, ಎಳೆಕೂಸಿನ ರಕ್ತ ಅದರ ದೆಸೆಯಿಂದ ಉಸಿರು ಹೊರುವುದನ್ನೇ ಮರೆಯುತ್ತದೆ. ಮಂಡ್ಯದ ಡಾಕ್ಟರು ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದ್ದರು. ಇಂಚರ ಕೇಳಿದ್ದು ಒಂದೇ ಮಾತು, ‘ಯಾರ ಸಗಣಿ?’ ಅದನ್ನು ಹೇಳುವ ಯಂತ್ರ ಆಗ ಇರಲಿಲ್ಲ. ಅವಳು ಅಳಲಿಲ್ಲ. ಅಂದಿನಿಂದ ಅವಳ ಮೂಗಿಗೆ ವಾಸನೆ ಹತ್ತಲಿಲ್ಲ. ಮೂಗಿನ ಡಾಕ್ಟರು ಎಲ್ಲ ಸರಿಯಿದೆ ಎಂದರು. ಗಂಡ ಲೋಹಿತ ಹಾಲಿನ ಟ್ಯಾಂಕರ್ ಹತ್ತಿ ದೂರದ ರೂಟು ಕೇಳಿ ಪಡೆದು ಹೋದ, ತಿಂಗಳಿಗೊಮ್ಮೆ ಬಂದು ನೆಂಟನ ಹಾಗೆ ಉಂಡು ಹೋಗುತ್ತಿದ್ದ. ಕೆರೆಗಣ್ಣು ಬಂದಾಗ ಇಂಚರ ತಾನಾಗಿ ಈ ಕೆಲಸಕ್ಕೆ ಅರ್ಜಿ ಹಾಕಿದಳು. ಕುಡಿಯುವ ನೀರಿನ ಬಾವಿಗಳನ್ನೆಲ್ಲ ಮುಚ್ಚಿ ಊರಿಗೆ ನಲ್ಲಿ ಬಂದಿತ್ತು. ಕೆರೆ ಮೆಲ್ಲಮೆಲ್ಲಗೆ ತಿಳಿಯಾಗುತ್ತಿತ್ತು. ಅದನ್ನು ನೋಡಿ ಅವಳಿಗೆ ಸಂತೋಷವಾಗಬೇಕಿತ್ತು. ಆಗುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಇಲಾಖೆಯವರು ಭವ್ಯಮ್ಮನ ಮನೆ ಮತ್ತು ಸುಚಿತ್ರಮ್ಮನ ಮನೆಯ ನಡುವೆ ಹರಿಯುವ ಹಳ್ಳದ ಬಾಯಿಗೆ ಹೊಸದೊಂದು ಕೆರೆಗಣ್ಣು ತಂದಿಟ್ಟರು. ಇಟ್ಟ ವಾರದಲ್ಲೇ ಅದು ಕಣಗಿಲೆ ಎಂದಿತು. ಮತ್ತೊಮ್ಮೆ ಎಂದಿತು. ಮೂರನೆಯ ಸಲವೂ ಅದನ್ನೇ ಹೇಳಿತು.

ಮೂರನೆಯ ಕರೆಯನ್ನು ಅಧಿಕಾರಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಮಾಲೀಕರ ಎದುರಿಗೆ ಓದಿ ಹೇಳಬೇಕೆಂದು ಕಾಯ್ದೆ. ಇಂಚರ ಓದಿದಳು. ಜೊತೆಗೆ ಕಾವಲು ಕೋಣೆಯ ತಂತ್ರಜ್ಞ ರಿಯಾಜ್ ನಿಂತಿದ್ದ. ಭವ್ಯಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು, ಒಳಗೆ ಕೂಸು ಅಳುತ್ತಿತ್ತು.

“ಇಂಚರ, ನೀನೇ ಬಂದ್ ನೋಡವ್ವ,” ಎಂದಳು ಭವ್ಯಮ್ಮ. “ನನ್ನ ಗುಂಡಿ ಒಣಗ್ದಂಗದೆ. ಗಂಜಲ ಎಲ್ಲಾ ಗ್ಯಾಸಿನ ತೊಟ್ಟಿಗೆ ಹೋಯ್ತದೆ. ಹಳ್ಳಕ್ಕೆ ಒಂದ್ ತೊಟ್ಟೂ ಬುಟ್ಟಿಲ್ಲ.”

ಇಂಚರ ಹೋಗಿ ನೋಡಿದಳು. ಗುಂಡಿ ನಿಜಕ್ಕೂ ಒಣಗಿತ್ತು, ಅಂಚಿನಲ್ಲಿ ಇರುವೆ ಸಾಲು ಹರಿದಾಡುತ್ತಿತ್ತು. ಆದರೆ ಮನುಷ್ಯರ ಕಣ್ಣು ಕಂಡದ್ದಕ್ಕಿಂತ ಕೆರೆಗಣ್ಣು ಕಂಡದ್ದೇ ಪ್ರಮಾಣವೆಂದು ಕಾಯ್ದೆಯಲ್ಲಿ ಬರೆದಿತ್ತು. ಹಾಗೆ ಬರೆಯಬೇಕೆಂದು ಸಭೆಯಲ್ಲಿ ಹಟ ಹಿಡಿದವಳೂ ಅವಳೇ.

“ನೀರಲ್ಲಿ ನಿಮ್ಮ ಗುರುತು ಇದೆ, ಭವ್ಯಕ್ಕ.”

“ಹಂಗಾರೆ ನೀರೇ ಸುಳ್ಳು ಹೇಳ್ತದೆ.”

ಭವ್ಯಮ್ಮನ ಮೂರು ಹಸುಗಳನ್ನು ಲಾರಿಗೆ ಹತ್ತಿಸಿದರು. ಹಿರೀದು ಗೌರಿ ಹತ್ತಲೊಲ್ಲದೆ ಮುಂಗಾಲು ಊರಿ ನಿಂತಿತು. ಭವ್ಯಮ್ಮನೇ ಹೋಗಿ ಅದರ ಗಂಗೆದೊಗಲು ಸವರಿ, “ಹತ್ತು ಮಗ, ಹತ್ತು,” ಎಂದು ಹತ್ತಿಸಿದಳು. ಕೆಳಗಿಳಿದು ಬಂದು ಇಂಚರಳಿಗೆ ಕೈ ಮುಗಿದಳು. “ಆಯ್ತು ಮೇಡಮ್ಮೋರೆ,” ಎಂದಳು. ನಿನ್ನೆಯವರೆಗೆ ಕರಿಬೇವು ಕೇಳಲು ಹಿತ್ತಿಲ ಬೇಲಿಯಿಂದಲೇ ‘ಇಂಚರಾ’ ಎಂದು ಕೂಗುತ್ತಿದ್ದವಳು. ಇಂಚರಳಿಗೆ ಅದು ಚುಚ್ಚಬೇಕಿತ್ತು, ಚುಚ್ಚಿದ್ದು ತಿಳಿಯಿತು, ನೋವು ಮಾತ್ರ ಆಗಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡ ಹಾಗೆ.

ಮನೆಯಲ್ಲಿ ಸುಚಿತ್ರಮ್ಮ ಮುದ್ದೆ ಬಡಿಸಿದಳು. ಸೊಸೆಯ ಕೆಲಸದ ವಿಷಯ ಅವಳು ಎತ್ತುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಈಗ ಉಳಿದಿದ್ದದ್ದು ತುಂಗೆ ಎಂಬ ಒಂದೇ ಹಸು. ಮಾವ ಬದುಕಿದ್ದಾಗ ಎಂಟು ಇದ್ದವು. ಸಗಣಿ ಗಂಜಲಕ್ಕೆಂದು ಊರಿಗೆ ಮೊದಲು ಸಿಮೆಂಟಿನ ತೊಟ್ಟಿ ಕಟ್ಟಿಸಿದವರೂ ಅವರೇ. ತಹಶೀಲ್ದಾರರು ಬಂದು ಶಾಲು ಹೊದಿಸಿ ಹೋಗಿದ್ದರು. ಆ ಫೋಟೋ ನಡುಮನೆಯಲ್ಲಿ ಈಗಲೂ ಇತ್ತು.

“ಭವ್ಯ ಉಂಡ್ಲೋ ಇಲ್ವೋ,” ಎಂದಳು ಸುಚಿತ್ರಮ್ಮ ಕೊನೆಗೆ, ಯಾರಿಗೂ ಅಲ್ಲದ ಹಾಗೆ.

ಇಂಚರ ಕೈ ತೊಳೆದು ಎದ್ದಳು.

ಲಾರಿ ಹೋಗಿ ಮೂರು ವಾರ ಕಳೆದಿರಬೇಕು. ಕಾವಲು ಕೋಣೆಯ ಕೆಳಗೆ ಹಾಲು ಹಾಕುವವರ ಕ್ಯಾನುಗಳ ಸದ್ದು, ಹಾಲು ಅಳೆಯುವ ಟೆಸ್ಟರ್ ಹುಡುಗಿಯ ಜೊತೆ ಡಿಗ್ರಿಗಾಗಿ ಜಗಳ. ಮೇಲೆ ರಿಯಾಜ್ ಟೀ ಲೋಟ ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದ.

“ಮೇಡಂ, ಇದೊಂದು ನೋಡಿ. ಹಳ್ಳದ ಕಣ್ಣು ಮತ್ತೆ ಕಣಗಿಲೆ ಅಂತಿದೆ.”

“ಹಳೇದು ಉಳಿದಿರುತ್ತೆ.”

“ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಹೊರಗೆ ಬಿದ್ದದ್ದು ಹದಿನೈದು ದಿನಕ್ಕೆ ಸಾಯ್ಬೇಕು. ಇದು ಸತ್ತಿಲ್ಲ, ಜಾಸ್ತಿಯಾಗಿದೆ. ಹಸುಗಳು ದೊಡ್ಡಿಯಲ್ಲಿವೆ, ಕೊಟ್ಟಿಗೆಗೆ ನಮ್ಮದೇ ಬೀಗ.” ಅವನು ತಲೆ ಕೆರೆದುಕೊಂಡ. “ದೆವ್ವದ ಹಸು ಸಗಣಿ ಹಾಕ್ತಿರ್ಬೇಕು.”

ಇಂಚರ ನಗಲಿಲ್ಲ. ಅವಳು ನಗುವುದಿಲ್ಲವೆಂದು ಗೊತ್ತಿದ್ದೂ ರಿಯಾಜ್ ದಿನಕ್ಕೊಂದು ತಮಾಷೆ ಮಾಡುತ್ತಿದ್ದ, ಕೆಟ್ಟ ಗಾಡಿಯನ್ನು ದಿನಾ ಒಂದು ಸಲ ಕಿಕ್ ಹೊಡೆದು ನೋಡುವವರ ಹಾಗೆ.

ಆ ಸಂಜೆ ಅವಳು ಮನೆಗೆ ಬಂದಾಗ ಸುಚಿತ್ರಮ್ಮ ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು. ತುಂಗೆ ಕತ್ತು ಇಳಿಬಿಟ್ಟು ನಿಂತಿತ್ತು.

“ತುಂಗೆ ಮತ್ತೆ ಮೇವು ಸರ್ಯಾಗಿ ಮುಟ್ತಿಲ್ಲ ಕಣವ್ವ. ಮೆಲುಕೂ ಬುಡೋ ಹಂಗೆ ಕಾಣ್ತಾಳೆ. ದೀಪಾವಳಿಲಿ ಆಗಿತ್ತಲ್ಲ, ಹಂಗೇ.”

“ಡಾಕ್ಟರನ್ನ ಕರೆಸ್ತೀನಿ ಅತ್ತೆ.”

“ಡಾಕ್ಟ್ರು ಆಗ್ಲೂ ಬಂದಿದ್ರು. ಸೂಜಿ ಮೇಲೆ ಸೂಜಿ ಚುಚ್ಚಿ ಹೋದ್ರು, ಜ್ವರ ಏನೋ ಬುಡ್ತು. ಮೆಲುಕು ಬಂದದ್ದು ಸೂಜಿಯಿಂದಲ್ಲ, ಭವ್ಯನ ಗೌರಿಯಿಂದ.” ಸುಚಿತ್ರಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. “ಈಗ ಯಾವ ಮೊಕ ಇಟ್ಕೊಂಡು ಕೇಳಾನ? ಕೇಳಿದ್ರೂ ಗೌರಿ ಎಲ್ಲವಳೆ?”

ಇಂಚರ ಹೊಸ್ತಿಲಲ್ಲೇ ನಿಂತಳು.

ಮೆಲುಕು ಬಿಟ್ಟ ದನಕ್ಕೆ ಚೆನ್ನಾಗಿರುವ ದನದ ಮೆಲುಕು ತಂದು ಹಾಕುವುದು ಆ ಸೀಮೆಯ ವಾಡಿಕೆ. ಹಸು ನೆರಳಲ್ಲಿ ಮಲಗಿ ಮೆಲುಕಾಡುವಾಗ ಗಂಟಲೊಳಗಿಂದ ಉಂಡೆ ಮೇಲೇರುವುದು ಕಾಣುತ್ತದೆ. ಆಗ ನಾಲಗೆ ಪಕ್ಕಕ್ಕೆ ಹಿಡಿದು ಬಾಯಿಗೆ ಕೈ ಹಾಕಿ, ಉಂಡೆ ತೆಗೆದು, ಬಿಸಿ ಆರುವ ಮುಂಚೆ ಕಾಯಿಲೆಯ ಹಸುವಿನ ಬಾಯಿಗೆ ಹಾಕಿ ದವಡೆ ಹಿಡಿಯಬೇಕು. ಹಗೆಯವರಾದರೂ ಮೆಲುಕಿಗೆ ಬಂದರೆ ಇಲ್ಲವೆನ್ನಬಾರದು. ಅದಕ್ಕೆ ಬದಲು ಏನನ್ನೂ ತೆಗೆದುಕೊಳ್ಳಬಾರದು. ದೀಪಾವಳಿಯ ಮಾರನೆಯ ದಿನ ಭವ್ಯಮ್ಮ ಬಾಳೆಲೆಯಲ್ಲಿ ಮುಚ್ಚಿ ಗೌರಿಯ ಮೆಲುಕನ್ನು ಓಡೋಡಿ ತಂದಿದ್ದಳು. ಆಗ ತುಂಗೆಯ ದವಡೆ ಹಿಡಿದು ನಿಂತವಳು ಇಂಚರ.

ಸೂಜಿಯ ಔಷಧಿ ತುಂಗೆಯ ಹೊಟ್ಟೆಯಲ್ಲಿದ್ದ ಜೀವಾಣುಗಳನ್ನೆಲ್ಲ ಕಸದ ಹಾಗೆ ಗುಡಿಸಿ ಹಾಕಿತ್ತು. ಅದರ ಜೊತೆ ತುಂಬೆಯ ಗುರುತೂ ಹೋಗಿತ್ತು. ಖಾಲಿ ಮನೆಗೆ ಗೌರಿಯ ಮೆಲುಕಿನ ಜೊತೆ ಕಣಗಿಲೆ ಬಂದು ಸೇರಿಕೊಂಡಿತ್ತು. ಪ್ರಯೋಗಾಲಯದವರಿಗೆ ಮೆಲುಕಿನ ವಾಡಿಕೆ ಗೊತ್ತಿರಲಿಲ್ಲ ಎನ್ನೋಣ. ಇಂಚರಳಿಗೆ ಎರಡೂ ಗೊತ್ತಿತ್ತು. ಗುರುತು ಹೊಟ್ಟೆಯಲ್ಲಿ ಬದುಕುತ್ತದೆಂದು ಗೊತ್ತಿತ್ತು, ಹೊಟ್ಟೆಯದ್ದನ್ನೇ ಕೈಯಾರೆ ತೆಗೆದು ಇನ್ನೊಂದು ಹೊಟ್ಟೆಗೆ ಹಾಕಿದ್ದೂ ಗೊತ್ತಿತ್ತು. ಒಂದು ಕಚೇರಿಯ ವಿಷಯ, ಇನ್ನೊಂದು ಮನೆಯ ವಿಷಯ. ಮಹಡಿಯ ಮೆಟ್ಟಿಲಿಳಿದು ಬರುವಾಗ ಒಂದನ್ನು ಅಲ್ಲೇ ಬಿಟ್ಟು ಬರುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮಾರನೆಯ ಬೆಳಿಗ್ಗೆ ಅತ್ತೆ ಹುಲ್ಲಿಗೆ ಹೋದಾಗ ಅವಳು ತುಂಗೆಯ ಸಗಣಿಯನ್ನು ಗುರುತು ಓದುವ ಕೈಯಂತ್ರದ ಪಟ್ಟಿಗೆ ಹಚ್ಚಿದಳು. ಕಣಗಿಲೆ ಎಂದಿತು. ಹಾಗಾದರೆ ತುಂಗೆಯ ಸಗಣಿ ಹಳ್ಳಕ್ಕೆ ಹೋಗುತ್ತಿದೆ. ಎಲ್ಲಿಂದ? ತಹಶೀಲ್ದಾರರು ಶಾಲು ಹೊದಿಸಿದ ತೊಟ್ಟಿಯಿಂದ ಒಂದು ಹನಿ ಸೋರುವುದಿಲ್ಲವೆಂದು ಊರೇ ನಂಬಿತ್ತು, ಅವಳೂ ನಂಬಿದ್ದಳು. ಕೋಲು ಹಾಕಿ ತಡಕಿದಳು. ಗುದ್ದಲಿ ತಂದು ಹೊರಗಿನ ಮಣ್ಣು ಬಿಡಿಸಿದಳು. ಹಿತ್ತಿಲ ಅತ್ತಿಮರದ ಬೇರು ತೊಟ್ಟಿಯ ಗೋಡೆಯನ್ನು ಸೀಳಿಕೊಂಡು ಒಳಗೆ ಹೋಗಿತ್ತು. ಬೇರು ಅವಳ ತೊಡೆಯಷ್ಟು ದಪ್ಪವಿತ್ತು. ಸೀಳಿನಿಂದ ಕಪ್ಪು ನೀರು ಒಸರಿ ಎರಡು ಕಡೆಗೆ ಇಳಿಯುತ್ತಿತ್ತು. ಒಂದು ಹಳ್ಳದ ಕಡೆಗೆ. ಇನ್ನೊಂದು, ಮನೆಯ ಹಿಂದಿನ ಬಾವಿಯ ಕಡೆಗೆ.

ಬಾವಿಗೆ ಚಿನ್ನಿ ಹೋದ ವರ್ಷವೇ ಕಬ್ಬಿಣದ ಮುಚ್ಚಳ ಬಿದ್ದಿತ್ತು. ಇಂಚರ ಮುಚ್ಚಳ ಸರಿಸಿ, ಸೀಸೆಗೆ ಹಗ್ಗ ಕಟ್ಟಿ ಇಳಿಬಿಟ್ಟು ನೀರು ಎತ್ತಿದಳು. ನೀರು ತಿಳಿಯಾಗಿತ್ತು, ಬೇಸಗೆಯಲ್ಲಿ ಬಾಯಾರಿ ಬಂದವರು ಕೇಳಿ ಕುಡಿಯುವಷ್ಟು ತಿಳಿ. ಪಟ್ಟಿ ಅದ್ದಿದಳು. ನೈಟ್ರೇಟ್ ಮಿತಿಗಿಂತ ಎಷ್ಟೋ ಮೇಲೆ. ಗುರುತು, ಕಣಗಿಲೆ.

ತೊಡೆ ದಪ್ಪದ ಬೇರು ಒಂದೆರಡು ವರ್ಷದಲ್ಲಿ ಬೆಳೆಯುವುದಿಲ್ಲ. ಚಿನ್ನಿ ಇದ್ದಾಗ ಕೊಟ್ಟಿಗೆಯಲ್ಲಿ ಎಂಟು ಹಸುಗಳಿದ್ದವು.

ಎಂಟು ವರ್ಷ ಅವಳು ಊರಿನ ಒಂದೊಂದು ಕೊಟ್ಟಿಗೆಯ ಮುಂದೆ ಹಾಯುವಾಗಲೂ ಇದಿರಬಹುದೇ, ಇದಿರಬಹುದೇ ಎಂದುಕೊಂಡಿದ್ದಳು. ಯಾರೆಂದು ಗೊತ್ತಾದ ದಿನ ತನ್ನೊಳಗೆ ಏನೋ ಒಡೆಯುತ್ತದೆ, ಅಂದು ಅಳುತ್ತೇನೆ, ಎಲ್ಲ ಮುಗಿಯುತ್ತದೆ ಎಂದು ಕಾದಿದ್ದಳು. ಈಗ ಬಾವಿಕಟ್ಟೆಯ ಮೇಲೆ ಕೂತು ಅದಕ್ಕಾಗಿ ಕಾದಳು. ಏನೂ ಬರಲಿಲ್ಲ. ಹಗ್ಗ ಸುತ್ತಿಟ್ಟು, ಮುಚ್ಚಳ ಮುಚ್ಚಿ, ಕೆಲಸಕ್ಕೆ ಹೊತ್ತಾಯಿತೆಂದು ಎದ್ದಳು.

ರಿಯಾಜ್ ಎಲ್ಲ ಕೇಳಿಸಿಕೊಂಡು ಟೀ ಲೋಟ ಕೆಳಗಿಟ್ಟ. ಅವನಿಗೆ ಚಿನ್ನಿಯ ವಿಷಯ ಗೊತ್ತಿತ್ತು.

“ಮೇಡಂ, ಒಂದು ಮಾತು ಹೇಳ್ಲಾ? ಯಂತ್ರದ ತಪ್ಪು ಅಂತ ವರದಿ ಕಳಿಸಿ. ಅಷ್ಟಕ್ಕೇ ಭವ್ಯಮ್ಮನ ಹಸು ವಾಪಸ್ ಬರುತ್ವೆ. ತಿಂಗಳ ಕೊನೆಗೆ ಇನ್ನೂ ಟೈಮಿದೆ. ನಿಮ್ಮನೆ ತೊಟ್ಟಿ, ಬಾವಿ ಇವೆಲ್ಲ ಯಾಕೆ? ನಿಮ್ಮತ್ತೆಯವ್ರಿಗೆ ಗೊತ್ತಾದ್ರೆ...”

ಅವನು ಹೇಳದೆ ಬಿಟ್ಟದ್ದು ಇಂಚರಳಿಗೆ ಗೊತ್ತಿತ್ತು. ಚಿನ್ನಿ ಇದ್ದಾಗ ಅವಳು ಡೈರಿಯಲ್ಲೇ ಟೆಸ್ಟರ್ ಆಗಿದ್ದಳು, ಎದೆಹಾಲು ಬತ್ತಿತ್ತು. ಮಗುವಿಗೆ ಪುಡಿಹಾಲು ಕಲಸಿ ಕುಡಿಸುತ್ತಿದ್ದವಳು ಸುಚಿತ್ರಮ್ಮ. ಕೂಸಿಗೆಂದು ನೀರನ್ನು ಕುದಿಸಿ ಕುದಿಸಿ ಇಡುತ್ತಿದ್ದಳು. ಕುದಿಸಿದರೆ ರೋಗದ ಹುಳು ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಊರಿನ ಯಾವುದೋ ಪಾಪಿಯ ಕೊಟ್ಟಿಗೆಯಿಂದ ನೆಲದೊಳಗೆ ಹರಿದು ಬಂದ ವಿಷ ಎಂದು ನಂಬಿಕೊಂಡು ಆ ಮುದುಕಿ ಎಂಟು ವರ್ಷ ಉಂಡಿದ್ದಳು, ಉಟ್ಟಿದ್ದಳು, ಸಂಜೆ ದೀಪ ಹಚ್ಚಿದ್ದಳು. ಈಗ ಆ ನಂಬಿಕೆಯನ್ನು ಕಿತ್ತುಕೊಳ್ಳಬೇಕು.

“ತೊಟ್ಟಿ ಸೋರ್ತಾನೇ ಇರುತ್ತಲ್ಲ ರಿಯಾಜ್. ಹಳ್ಳದ ಪಕ್ಕ ಭವ್ಯಕ್ಕನ ಬಾವಿ ಇದೆ. ನಲ್ಲಿ ಬರದ ದಿನ ಅವರು ಮುಚ್ಚಳ ಸರಿಸಿ ಆ ನೀರನ್ನೇ ಬಳಸ್ತಾರೆ. ಮನೇಲಿ ಎಳೆಕೂಸಿದೆ.”

“ಗುಟ್ಟಾಗಿ ರಿಪೇರಿ ಮಾಡ್ಸಿ.”

“ನೆಲದೊಳಗೆ ಇಳಿದಿರೋದನ್ನ ಗುಟ್ಟಾಗಿ ತೆಗೆಯೋಕಾಗಲ್ಲ. ಅವರಿಗೆ ಗೊತ್ತಾಗ್ಬೇಕು, ಆ ನೀರು ಮುಟ್ಟಬಾರದು ಅಂತ.”

“ಸರಿ. ಆದ್ರೆ ಮೆಲುಕಿನ ಕಥೆ ಬರೆದ್ರೆ ಕಾಯ್ದೆಯ ಕಥೆ ಮುಗೀತು. ನಾಳೆ ಊರಿಗೆ ಊರೇ ‘ನಮ್ದಲ್ಲ, ಮೆಲುಕು ತಂದಿದ್ವಿ’ ಅನ್ನುತ್ತೆ.”

“ಅನ್ನಲಿ. ಎದ್ದು ಹೋಗಿ ಗುಂಡಿ ನೋಡೋಣ. ಭವ್ಯಕ್ಕನ ಗುಂಡಿ ನೋಡಿದ್ದೆ ನಾನು, ಕಣ್ಣಾರೆ.”

ಅವಳು ಭವ್ಯಮ್ಮನ ಮಗಳಿಗೆ ಫೋನ್ ಮಾಡಿ ಬಾವಿಯ ನೀರು ಮುಟ್ಟಬೇಡಿ ಎಂದಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಮೇಲಿನವರಿಗೆ ಕಳಿಸಿದಳು. ಉತ್ತರ ಬರಲು ತಡವಾಗಲಿಲ್ಲ. ಭವ್ಯಮ್ಮನ ದನಗಳನ್ನು ಬಿಡುವುದು. ಮೂರೂ ಕರೆಗಳನ್ನು ತುಂಬೆಯ ಕೊಟ್ಟಿಗೆಗೆ ವರ್ಗಾಯಿಸುವುದು, ಬೀಗ ಹಾಕುವುದು, ದನ ದೊಡ್ಡಿಗೆ. ಇಂದಿನಿಂದ ಒಂದು ಕೊಟ್ಟಿಗೆಯ ಮೆಲುಕನ್ನು ಇನ್ನೊಂದಕ್ಕೆ ಕೊಡುವುದೂ ಹಾಕುವುದೂ ಅಪರಾಧ. ಸರ್ಕಾರದ ಬುದ್ಧಿ ಅಷ್ಟೇ ಚುರುಕು, ಎಲ್ಲಿ ತೂತು ಕಂಡಿತೋ ಅಲ್ಲಿಗೊಂದು ಅಪರಾಧ ತುರುಕಿ ಮುಚ್ಚುತ್ತದೆ.

ಓದುವ ಕೆಲಸಕ್ಕೆ ಬೇರೆ ಅಧಿಕಾರಿಯನ್ನು ಕಳಿಸುತ್ತೇವೆ ಎಂದೂ ಹೇಳಿದರು. ಇಂಚರ ಬೇಡವೆಂದಳು.

ಮಾರನೆಯ ದಿನ ಬಿಸಿಲೇರಿದ ಮೇಲೆ ಅವಳು ಸ್ವಂತ ಮನೆಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಸುಚಿತ್ರಮ್ಮ ಸೊಸೆಯ ಕೈಯಲ್ಲಿ ಕಾಗದ ಕಂಡು, ಅಧಿಕಾರಿಗಳ ಮುಂದೆ ನಿಲ್ಲುವ ಹಾಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಳು. ಇಂಚರ ಓದಿದಳು. ಎಲ್ಲ ಕೊಟ್ಟಿಗೆಯ ಮುಂದೆ ಓದುವ ಅದೇ ದನಿಯಲ್ಲಿ ಓದಿದಳು. ತೊಟ್ಟಿ ಎಂದಳು, ಬೇರು ಎಂದಳು, ಬಾವಿ ಎಂದಳು. ಓದಿ ಮುಗಿಸಿ ಕಾಗದ ಮಡಚಿದಳು.

ಸುಚಿತ್ರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಮೊದಲು ತೊಟ್ಟಿಯ ಕಡೆ ನೋಡಿದಳು. ಆಮೇಲೆ ಬಾವಿಯ ಕಡೆ.

“ಅವಾಗ್ಲೂ ಸೋರ್ತಿತ್ತಾ?”

“ಹೂಂ ಅತ್ತೆ.”

“ಪುಡಿ ಕಲಸ್ತಿದ್ದೋಳು ನಾನು.” ಸುಚಿತ್ರಮ್ಮ ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡಳು. “ಈ ಕೈಲೇ ಕಲಸ್ದೆ ಕಣವ್ವ. ಕುದಿಸಿ ಕುದಿಸಿ ಕೊಟ್ಟೆ.”

“ನೀರು ಸೇದಿ ಇಡ್ತಿದ್ದದ್ದು ನಾನು,” ಎಂದಳು ಇಂಚರ. “ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಒಂದು ಕೊಡ ಸೇದಿಟ್ಟು ಹೋಗ್ತಿದ್ದೆ. ನಿಮಗೆ ನಡ ನೋಯ್ತದೆ ಅಂತ.”

ಅದು ನಿಜವಾಗಿತ್ತು. ಅತ್ತೆಯ ಭಾರ ಇಳಿಸಲೆಂದು ಹುಟ್ಟಿಸಿದ ಮಾತಲ್ಲ. ಸುಚಿತ್ರಮ್ಮ ಗೋಡೆಗೆ ಒರಗಿ ಕೆಳಗೆ ಕೂತಳು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಇಂಚರ ಪಕ್ಕದಲ್ಲಿ ಕೂತು ಅವಳ ಬೆನ್ನಿನ ಮೇಲೆ ಕೈ ಇಟ್ಟಳು. ಕೈ ಎಲ್ಲಿಡಬೇಕೋ ಅಲ್ಲಿಟ್ಟಿದ್ದೇನೆ ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು.

ಹಸುಗಳನ್ನು ತಂದು ಬಿಡಲು ಬಂದ ಲಾರಿಯೇ ತುಂಗೆಯನ್ನು ಒಯ್ಯಬೇಕಾಗಿತ್ತು. ಗೌರಿ ಇಳಿದದ್ದೇ ಭವ್ಯಮ್ಮನ ಸೀರೆ ಮೂಸಿ, ಸೀದಾ ತನ್ನ ಹುಣಸೆಮರದ ನೆರಳಿಗೆ ಹೋಗಿ ಮಲಗಿತು. ಬಡವಾಗಿತ್ತು, ಆದರೂ ಒಂದು ಗಳಿಗೆಯಲ್ಲಿ ದವಡೆ ಆಡತೊಡಗಿತು. ಸುದ್ದಿ ಬೇಲಿ ದಾಟಿ ಹೋಗಿತ್ತೆಂದು ಕಾಣುತ್ತದೆ, ಭವ್ಯಮ್ಮ ಇಂಚರಳ ಕಡೆ ಒಂದು ಸಲ ನೋಡಿ ಗೌರಿಯ ಕಡೆ ತಿರುಗಿದಳು. ಕಂಕುಳಲ್ಲಿ ಮೊಮ್ಮಗುವಿತ್ತು.

ಲಾರಿಯವನು ಹಲಗೆ ಇಳಿಸಿದ. ಸುಚಿತ್ರಮ್ಮ ತುಂಗೆಯನ್ನು ಹಿಡಿದು ತಂದಳು. ಅದರ ಹೊಟ್ಟೆ ಉಬ್ಬಿತ್ತು, ಬಾಯಂಚಿಗೆ ಜೊಲ್ಲು ಇಳಿದಿತ್ತು. ಹಲಗೆಯ ಬುಡದಲ್ಲಿ ನಿಂತುಬಿಟ್ಟಿತು.

“ಯಾವಾಗಿಂದ ಮೆಲುಕು ಬುಟ್ಟದೆ?” ಎಂದಳು ಭವ್ಯಮ್ಮ ಬೇಲಿಯ ಆಚೆಯಿಂದ. ಸುಚಿತ್ರಮ್ಮ ತುಂಗೆಯ ಉಬ್ಬಿದ ಹೊಟ್ಟೆಯ ಮೇಲೆ ಕೈಯಾಡಿಸಿದಳು.

“ಮೆಲುಕಿಲ್ಲದ ದನನ ಲಾರಿ ಹತ್ತುಸ್ತೀರಾ? ದಾರೀಲೇ ಸಾಯ್ತದೆ ಅದು.”

ಅವಳು ಕೂಸನ್ನು ಮಗಳ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಹುಣಸೆಮರದ ಕಡೆ ನಡೆದಳು. ಗೌರಿಯ ಮುಂದೆ ಕೂತು ಗಂಟಲನ್ನೇ ನೋಡುತ್ತಿದ್ದಳು. ಏನಾಗುತ್ತಿದೆ ಎಂದು ಎಲ್ಲರಿಗೂ ತಿಳಿಯಿತು. ರಿಯಾಜ್ ಇಂಚರಳ ಮುಖ ನೋಡಿದ, ಮೆಲುಕು ಕೊಡಬಾರದೆಂಬ ಕಾಯ್ದೆಗೆ ಇನ್ನೂ ಒಂದು ದಿನ ತುಂಬಿರಲಿಲ್ಲ. ಲಾರಿಯವನೂ ನೋಡಿದ. ಇಂಚರ ಬೇಡವೆನ್ನಲಿಲ್ಲ.

ಭವ್ಯಮ್ಮ ಬೊಗಸೆ ಮುಚ್ಚಿಕೊಂಡು ಓಡುತ್ತಾ ಬಂದಳು.

“ಇಂಚರ, ನಿಂತ್ಕೊಂಡ್ ಏನ್ ನೋಡ್ತೀಯೆ? ಕೈ ಒಡ್ಡು. ನಿಮ್ಮ ಹಸ ನನ್ನ ಹತ್ರ ಸೇರ್ಸಕಿಲ್ಲ, ನೀನೇ ಹಾಕು.”

ಇಂಚರ ಕೈ ಒಡ್ಡಿದಳು. ಮೆಲುಕಿನ ಉಂಡೆ ಅಂಗೈಗೆ ಬಿತ್ತು. ಹಸಿರಾಗಿ, ಒದ್ದೆಯಾಗಿ, ಗೌರಿಯ ಮೈಯೊಳಗಿನ ಶಾಖವನ್ನು ಹಾಗೇ ಹೊತ್ತು ತಂದಿತ್ತು. ವಾಸನೆ ಅವಳಿಗೆ ಹತ್ತಲಿಲ್ಲ. ಬಿಸಿ ಮಾತ್ರ ತಾಗಿತು. ಅಂಗೈಯಿಂದ ಮಣಿಕಟ್ಟಿಗೆ ಏರಿತು. ಕೊನೆಯ ಸಲ ಈ ಕೈಗಳು ಎತ್ತಿಕೊಂಡ ಚಿನ್ನಿ ತಣ್ಣಗಿದ್ದಳು. ಆಮೇಲೆ ಈ ಕೈಗೆ ಯಾವುದೂ ಬೆಚ್ಚಗೆ ತಾಗಿರಲಿಲ್ಲ.

ಅವಳು ತುಂಗೆಯ ಬಾಯಿಗೆ ಕೈ ಹಾಕಿ, ನಾಲಗೆಯ ಬುಡಕ್ಕೆ ಉಂಡೆ ಇಟ್ಟು, ದವಡೆಯನ್ನು ಎದೆಗೆ ಒತ್ತಿ ಹಿಡಿದಳು. ಭವ್ಯಮ್ಮ ಗಂಟಲು ಸವರಿದಳು. ತುಂಗೆ ನುಂಗಿತು. ಎಲ್ಲರೂ ಕಾದರು. ಲಾರಿಯವನೂ ಎಂಜಿನ್ ಆರಿಸಿ ಕಾದ. ಬಹಳ ಹೊತ್ತಾದ ಮೇಲೆ ದವಡೆ ಒಂದು ಸಲ ಅತ್ತ ಆಡಿತು, ಒಂದು ಸಲ ಇತ್ತ.

ಸುಚಿತ್ರಮ್ಮ ನಲ್ಲಿಯಿಂದ ಚೊಂಬಿನಲ್ಲಿ ನೀರು ಹಿಡಿದು ತಂದು, ಕೈ ತೊಳೆದುಕೊಳ್ಳೆಂದು ಸೊಸೆಯ ಮುಂದೆ ಬಗ್ಗಿಸಿದಳು. ಇಂಚರ ಬೇಡವೆಂದು ತಲೆಯಾಡಿಸಿ, ಬಿಸಿ ಆರದ ಅಂಗೈ ಮಡಚಿಕೊಂಡಳು.